ತಾಂತ್ರಿಕ ಮೈತ್ರಿ

ಕಿತ್ತಳೆ ಸಿಪ್ಪೆಯ ವಾಸನೆ, ಯಾವ ಮಗು ಡೆಸ್ಕಿನೊಳಗೆ ಬಿಟ್ಟುಹೋದದ್ದೋ, ಅದರ ಜೊತೆಗೆ ಪಾರ್ಕಿನ ಕಡೆಯಿಂದ ಮಾಂಸ ಸುಡುವ ಹೊಗೆ, ಚುನಾವಣೆ ಅಂದರೆ ರಜೆ, ರಜೆ ಅಂದರೆ ಕೆಂಡದ ಮೇಲೆ ಕೋಳಿ, ದೇಶ ಯಾರ ಕೈಗೆ ಹೋದರೇನು ಇವರ ಊಟ ತಪ್ಪಬಾರದು — ಯೊಖೆವೆದ್ ವೋಟು ಹಾಕುವ ನೀಲಿ ರಟ್ಟಿನ ಮರೆಯ ಹಿಂದೆ ಬಗ್ಗಿ ನಿಂತಿದ್ದಾಳೆ, ಪುಟ್ಟ ಮಕ್ಕಳ ಮೇಜು, ಸೊಂಟ ಹಿಡಿಯುತ್ತಿದೆ, ಟ್ರೇ ತುಂಬ ಚೀಟಿಗಳು, ಒಂದೊಂದು ಪಕ್ಷಕ್ಕೆ ಒಂದೊಂದು ಗುಡ್ಡೆ, ಚಿಹ್ನೆಯ ಬದಲು ಅಕ್ಷರ, ಅಪ್ಪನ ಪಕ್ಷದ್ದು ಎಲ್ಲಿ, ಮೊದಲ ವೋಟಿನಿಂದ ಹಿಡಿದು ಕಣ್ಣುಮುಚ್ಚಿ ಎತ್ತಿಕೊಂಡ ಆ ಅಕ್ಷರ ಎಲ್ಲಿ, ಇಲ್ಲಿದೆ, ಆದರೆ ಒಂಟಿಯಾಗಿಲ್ಲ, ಮಗ್ಗುಲಿಗೆ ಆ ಇನ್ನೊಂದು ಪಕ್ಷದವರ ಅಕ್ಷರ ಒತ್ತರಿಸಿಕೊಂಡು ಕೂತಿದೆ, ಥೂ, ಒಂದೇ ಚಾಪೆಯಲ್ಲಿ ಮಲಗಿಸಿಬಿಟ್ಟಿದ್ದಾರೆ. ತಾಂತ್ರಿಕ ಮೈತ್ರಿ ಅಕ್ಕಾ, ಅಷ್ಟೇ, ಫಲಿತಾಂಶ ಬಂದ ಮಾರನೇ ದಿನ ಅವರ ದಾರಿ ಅವರಿಗೆ, ನಮ್ಮ ದಾರಿ ನಮಗೆ — ತಮ್ಮ ಅವಿನೋಅಮ್, ಶುಕ್ರವಾರ ರಾತ್ರಿ ಶಬ್ಬತ್ತಿನ ಹಬ್ಬದೂಟಕ್ಕೆ ಬಂದು, ಮೀನಿನ ಕೆಂಪು ಸಾರಿಗೆ ರೊಟ್ಟಿ ಅದ್ದುತ್ತ ಹೇಳಿದ್ದು, ಸಂಸತ್ತಿಗೆ ಹೋಗೋಕೆ ಒಟ್ಟು ವೋಟಲ್ಲಿ ಮೂರೂಕಾಲು ಪರ್ಸೆಂಟ್ ದಾಟಬೇಕಲ್ಲ, ಒಬ್ಬೊಬ್ಬರೇ ನಿಂತ್ರೆ ಇಬ್ಬರೂ ಮನೆಗೆ, ಅಭ್ಯರ್ಥಿಗಳ ಪಟ್ಟಿಯಲ್ಲಿ ನಾನು ಐದನೆಯವನು, ಗೆದ್ದರೆ ಕೂದಲೆಳೆಯಲ್ಲಿ ಗೆಲ್ತೀನಿ, ನಿನ್ನ ವೋಟೂ ಬರಲ್ಲ ಅಂದ್ರೆ ಇನ್ಯಾರನ್ನ ಕೇಳಲಿ ಹೇಳು. ಪಟ್ಟಿಯಲ್ಲಿ ಎರಡನೆಯವನು ಯಾರಪ್ಪ, ಅಂತ ಅವಳು ಕೇಳಿದಳು, ಗೊತ್ತಿದ್ದೂ ಕೇಳಿದಳು, ಅವನು ಬಾಯೊರೆಸಿಕೊಂಡು ಸಾರು ತುಂಬಾ ಚೆನ್ನಾಗಿದೆ ಅಕ್ಕಾ ಅಂದ.

ಎರಡನೆಯವನು ಎಲ್ಖನಾನ್, ಅವರ ಪಕ್ಷದವನು. ಅವನನ್ನು ಅವಳು ಟೀವಿಯಲ್ಲಿ ನೋಡಿ ತಿಳಿದವಳಲ್ಲ, ತಾನು ಕೆಲಸ ಮಾಡುವ ಔಷಧಿ ಅಂಗಡಿಯ ಕೌಂಟರಿನಾಚೆ ನೋಡಿದ್ದಾಳೆ, ಆಗ ಗಡ್ಡ ಇಷ್ಟುದ್ದ ಇರಲಿಲ್ಲ, ಮಗುವಿಗೆ ಜ್ವರ ಅಂತ ಬಂದಿದ್ದ, ಜೊತೆಗೆ ಕೆಲಸ ಮಾಡುವ ಸುಹೈಲಾ ಔಷಧಿ ಅಳೆದು ಬಾಟಲಿ ಮುಂದೆ ಚಾಚಿದಳು, ಊಟ ಆದ ಮೇಲೆ ಒಂದು ಚಮಚ ಕೊಡಿ ಸಾರ್ ಅಂದಳು, ಆ ಉಚ್ಚಾರ ಕಿವಿಗೆ ಬಿದ್ದದ್ದೇ ತಡ, ಅರಬ್ಬಳ ಕೈಯಿಂದ ತಗೊಳಲ್ಲ ಅಂದ, ಅಂದು ಸುಮ್ಮನೆ ಹೋದನೇ — ಉಗುಳಿದ, ಅವಳ ಬಿಳಿ ಕೋಟಿನ ಮೇಲೆ, ಎದೆಯ ಹತ್ತಿರ, ಅದು ಮೆಲ್ಲಗೆ ಜಾರಿ ಎರಡನೇ ಗುಂಡಿಯ ಮೇಲೆ ಬಂದು ನಿಂತಿತು. ಯೊಖೆವೆದ್ ಕೂಗಾಡಿ ಅವನನ್ನು ಅಂಗಡಿಯಿಂದಾಚೆ ಅಟ್ಟಿದಳು, ತಲೆ ಮೇಲೆ ಯೆಹೂದಿ ಟೋಪಿ ಇಟ್ಕೊಂಡು ಇಂಥ ಕೆಲಸ ಮಾಡ್ತೀಯೇನೋ, ನಿನ್ನ ಹೆತ್ತವಳಿಗೆ ಹೇಳು ಹೋಗು, ಸುಹೈಲಾ ಮಾತ್ರ ಹತ್ತಿ ಹರಿದು, ಸ್ಪಿರಿಟ್ಟಿನಲ್ಲಿ ಅದ್ದಿ, ಒರೆಸಿಕೊಂಡು, ಕೋಟು ತಾನೇ, ಒಗೆದ್ರೆ ಹೋಗುತ್ತೆ ಬಿಡೇ ಅಂದಳು. ಅವತ್ತು ಸಂಜೆ ಇದೇ ಅವಿನೋಅಮ್ ಕೋಪದಿಂದ ಎದ್ದೆದ್ದು ಓಡಾಡಿದ್ದ, ಇಂಥವರ ಜೊತೆ ಒಂದೇ ಸಾಲಲ್ಲಿ ನಿಂತು ಪ್ರಾರ್ಥನೆಯನ್ನೂ ಮಾಡಲ್ಲ ಅಕ್ಕಾ ಅಂದಿದ್ದ, ಅಪ್ಪ ಬದುಕಿದ್ದ ಕಾಲ, ಅಪ್ಪನ ಕಣ್ಣಲ್ಲಿ ನೀರು ಬಂದಿತ್ತು, ಹೆಮ್ಮೆಯಿಂದ. ಈಗ ಹೋದ ತಿಂಗಳು ಟೀವಿಯಲ್ಲಿ ಅದೇ ತಮ್ಮ ಆ ಎಲ್ಖನಾನನ ಎರಡೂ ಕೆನ್ನೆಗೆ ಮುತ್ತಿಟ್ಟ, ತನ್ನ ಕೆನ್ನೆಯನ್ನೂ ಒಡ್ಡಿದ, ಛೀ, ತಮ್ಮನ ಆ ಕೆನ್ನೆ ಅವಳಿಗೆ ಗೊತ್ತಿಲ್ಲವೇ, ಅಮ್ಮ ತೀರಿಹೋದಾಗ ನಾಲ್ಕು ವರ್ಷದವನು, ಸ್ಕೂಲಿಗೆ ಹೊರಡುವಾಗ ಕೆನ್ನೆ ಮೇಲೆ ಜಾಮು ಅಂಟಿರುತ್ತಿತ್ತು, ಹೆಬ್ಬೆರಳಿಗೆ ತನ್ನ ಎಂಜಲು ಹಚ್ಚಿ ಅವಳೇ ಉಜ್ಜುತ್ತಿದ್ದಳು, ಥೂ ಅಕ್ಕಾ ಬಿಡೇ ಅಂತ ಮುಖ ತಿರುಗಿಸಿ ನಗುತ್ತಿತ್ತು ಕೂಸು.

ಏನಮ್ಮಾ, ಒಳಗೆ ನಿದ್ದೆ ಹೋದ್ರಾ, ಹೊರಗಿನಿಂದ ಯಾರೋ, ಸಾಲಿನಲ್ಲಿ ನಗು, ಬೇಗ ಮಾಡ್ರೀ, ಕೋಳಿ ಸೀದು ಹೋಗುತ್ತೆ. ಖಾಲಿ ಚೀಟಿ ಹಾಕಿದರೆ, ಟ್ರೇಯ ಮೂಲೆಯಲ್ಲೇ ಇದೆ ಖಾಲಿ ಚೀಟಿ, ಯಾರಿಗೂ ತಿಳಿಯುವುದಿಲ್ಲ, ಆದರೆ ರಾತ್ರಿ ಅವನು ಫೋನು ಮಾಡುತ್ತಾನೆ, ಹಾಕಿದೆ ತಾನೇ ಅಕ್ಕಾ ಅನ್ನುತ್ತಾನೆ, ಅವನಿಗೆ ಸುಳ್ಳು ಹೇಳುವ ಬಾಯಿ ಅವಳಿಗಿಲ್ಲ, ನಿನ್ನೆ ಸುಹೈಲಾ ಬೀಗ ಹಾಕುತ್ತ, ನಿನ್ನ ತಮ್ಮ ಗೆಲ್ಲಲಿ ಅಂತ ಹೇಳಬೇಕು ಕಣೇ, ಬಾಯಿ ಬರ್ತಿಲ್ಲ, ತಪ್ಪು ತಿಳ್ಕೋಬೇಡ ಅಂದಳು. ಒಂದು ಸಲಕ್ಕೆ, ತಾಂತ್ರಿಕ ಅಷ್ಟೇ, ಆ ಮಾತು ತನ್ನ ತಲೆಯೊಳಗೇ ತಮ್ಮನ ದನಿಯಲ್ಲಿ ಬರುತ್ತಿದೆಯಲ್ಲ, ಎರಡಕ್ಷರದ ಚೀಟಿ ಬೆರಳಲ್ಲಿದೆ, ಲಕೋಟೆಯೊಳಗಿದೆ, ಹಾಕಿದ್ದು ಯಾವಾಗ, ಇನ್ನು ಅಂಟಿಸುವುದು, ನಾಲಿಗೆ ಚಾಚಿ ಅಂಟಿನ ಮೇಲೆ ಈ ತುದಿಯಿಂದ ಆ ತುದಿಗೆ ಎಳೆದಳು, ಸಿಹಿಯೂ ಅಲ್ಲದ ಕಹಿಯೂ ಅಲ್ಲದ ಹೇಸಿಗೆ ರುಚಿ, ಮಡಿಕೆಯ ಮೇಲೆ ಒದ್ದೆ ಹೊಳೆಯಿತು, ತನ್ನದೇ ಎಂಜಲು.

ಪೆಟ್ಟಿಗೆಗೆ ಬಿದ್ದದ್ದಕ್ಕೆ ಸದ್ದೂ ಆಗಲಿಲ್ಲ. ಮೇಜಿನ ಹಿಂದಿನ ಹೆಂಗಸು ಗುರುತಿನ ಚೀಟಿ ವಾಪಸು ಕೊಟ್ಟು, ರಜಾ ಚೆನ್ನಾಗಿ ಕಳೀರಿ ಅಮ್ಮಾ ಅಂದಳು, ಬಾಯಿ ತುಂಬಿಕೊಂಡಿದೆ, ಅಂಟಿನ ರುಚಿಗೆ ನೀರು ಊರುತ್ತಲೇ ಇದೆ, ಕಾರಿಡಾರು, ಗೋಡೆಯ ತುಂಬ ಮಕ್ಕಳು ಬಿಡಿಸಿದ ದಾಳಿಂಬೆಗಳು, ಎಲ್ಲಿ ಉಗುಳುವುದು, ಇಲ್ಲಿ ಉಗುಳುವುದೇ, ನುಂಗುವುದು ಹೇಗೆ, ಫೋನು ಚೀಲದಲ್ಲಿ ಗುಂಯ್ಗುಡುತ್ತಿದೆ, ಅವನೇ, ನಾಳೆ ಎಂಟಕ್ಕೆ ಅಂಗಡಿ, ಸುಹೈಲಾ ಮೊದಲೇ ಬಂದಿರುತ್ತಾಳೆ, ಕಾಫಿಗೆ ಏಲಕ್ಕಿ ಹಾಕಿ ಇಬ್ಬರಿಗೂ ಮಾಡಿರುತ್ತಾಳೆ, ಒಗೆದು ಇಸ್ತ್ರಿ ಮಾಡಿದ ಬಿಳಿ ಕೋಟು, ಎರಡನೇ ಗುಂಡಿ, ಬಾಯಿ ತುಂಬಿದೆ, ಬಿಳಿ ಕೋಟು, ಮೆಲ್ಲಗೆ ಜಾರಿ ಎರಡನೇ ಗುಂಡಿಯ ಮೇಲೆ