ಐದು ಜೋಡಿ

ಕೊಟ್ಟೂರಿನ ಬಸ್‌ಸ್ಟ್ಯಾಂಡ್ ಎದುರಿನ ಮೊಬೈಲ್ ಅಂಗಡಿಗೆ ಚಂದನಾ ಬಂದಾಗ ನಾಲ್ಕು ಗಂಟೆ. ಎಂ.ಎಸ್ಸಿ. ಸೀಟು ಖಾತ್ರಿ ಮಾಡಲು ಐದರವರೆಗೆ ಮಾತ್ರ ಅವಕಾಶ. ಅದೂ ಕಾಲೇಜಿನ ಆ್ಯಪಿನಲ್ಲಿ, ಸ್ವಂತ ಫೋನಿಗೆ ಮುಖ ತೋರಿಸಿ. ನಿನ್ನೆಯವರೆಗೆ ತೆರೆಯುತ್ತಿದ್ದ ಆ್ಯಪು ಬೆಳಿಗ್ಗೆ ಅಪ್‌ಡೇಟ್ ಕೇಳಿತು. ಮಾಡಿದ ಮೇಲೆ, ಈ ಫೋನಿನಲ್ಲಿ ನಡೆಯುವುದಿಲ್ಲ ಎಂದು ಕೂತುಬಿಟ್ಟಿತು.

ಅಂಗಡಿಯ ಅರುಣಕುಮಾರ್ ಫೋನನ್ನು ತಿರುಗಿಸಿ ನೋಡಿದ. “ಇದು ಮುದುಕ ಆಗೈತಿ ತಂಗಿ.”

“ತಗಂಡು ಎರಡೂವರಿ ವರ್ಷ ಆತ್ರಿ ಅಷ್ಟ.”

“ಎರಡೂವರಿ! ಮೊಮ್ಮಕ್ಕಳನ್ನ ಕಂಡೈತಿ ಬಿಡು.” ಗಾಜಿನ ಕೌಂಟರ್ ಮೇಲೆ ಹೊಸ ಫೋನಿನ ಡಬ್ಬಿ ಇಟ್ಟ.

“ಇದು ಎಷ್ಟು ದಿನ ನಡಿತೈತ್ರಿ?”

“ಅದನ್ನ ನಾ ಹ್ಯಾಂಗ ಹೇಳ್ಲಿ? ಮುಂದಿನ ವರ್ಷ ಆ್ಯಪ್ ಮಾಡೋರು ಏನು ಕೇಳ್ತಾರೋ! ಡಬ್ಬಿ ಒಡೆದ ಮ್ಯಾಲೆ ವಾಪಸ್ ಇಲ್ಲ, ನೋಡು.”

ಪರ್ಸಿನಲ್ಲಿದ್ದದ್ದು ಹಾಸ್ಟೆಲಿಗೆಂದು ಅವ್ವ ಕೊಟ್ಟ ದುಡ್ಡು. ಫೋನ್ ಕೊಂಡರೆ ಹಾಸ್ಟೆಲ್ ಇಲ್ಲ. ಕೊಳ್ಳದಿದ್ದರೆ ಸೀಟೇ ಇಲ್ಲ. ಹೋದ ವರ್ಷವೂ ಸೀಟು ತಪ್ಪಿತ್ತು. ಈ ಸಲವೂ ತಪ್ಪಿದರೆ ಓದು ಸಾಕು ಎಂದು ದೊಡ್ಡಪ್ಪ ಮೊದಲೇ ಹೇಳಿಯಾಗಿತ್ತು. ಅವಳು ಹೊರಗೆ ಹೋಗಿ ಬಂದಳು. ಮತ್ತೆ ಹೋಗಿ ಬಂದಳು.

“ಒಡೀರಿ.”

ದನಿ ಅವಳಿಗೇ ಕೇಳಿಸಲಿಲ್ಲ. ಎರಡನೇ ಸಲ ಹೇಳಬೇಕಾಯಿತು.

ಹೊಸ ಫೋನಿನಲ್ಲಿ ಆ್ಯಪು ತೆರೆದಾಗ ನಾಲ್ಕು ಮುಕ್ಕಾಲು. ಒಟಿಪಿ ಬರುವುದು ಅಪ್ಪನ ನಂಬರಿಗೆ. ಅರ್ಜಿಯಲ್ಲಿ ಕೊಟ್ಟಿದ್ದು ಅದನ್ನೇ. ಅಪ್ಪ ದೊಡ್ಡಬೀರಪ್ಪ ಹಲವಾಗಲಿನ ಹತ್ತಿರ ಹೊಳೆದಂಡೆಯಲ್ಲಿ ಕುರಿ ಮೇಯಿಸುತ್ತಿದ್ದ. ಅಕ್ಷರ ಬಾರದಿದ್ದರೂ ಅಂಕಿ ಬಲ್ಲವನು. ಮಾತಾಡುತ್ತಲೇ ಮೆಸೇಜು ತೆಗೆಯುವುದನ್ನು ಮಗಳೇ ಕಲಿಸಿದ್ದಳು. ಅವಳು ಹಳೆಯ ಫೋನಿನಿಂದ ಕರೆ ಮಾಡಿ ಸ್ಪೀಕರ್ ಹಾಕಿದಳು.

“ಬಂತವ್ವಾ. ಬರಕೋ. ಐದು ಜೋಡಿ, ಏಳು, ಮೂರು, ಎಂಟು, ಎರಡು.”

ಕುರಿಗಳನ್ನು ಜೋಡಿ ಜೋಡಿಯಾಗಿ ಬಿಡುತ್ತ ಅಪ್ಪ ಎಣಿಸುವಾಗ ಜೊತೆಗೆ ನಿಂತು ಬೆಳೆದವಳು ಚಂದನಾ. ಐದು ಜೋಡಿ ಎಂದರೆ ಹತ್ತು. ಒಂದು ಒತ್ತಿದಳು, ಸೊನ್ನೆ ಒತ್ತಿದಳು, ಉಳಿದ ನಾಲ್ಕನ್ನೂ ಒತ್ತಿದಳು.

ತಪ್ಪು.

“ಅಪ್ಪಾ, ಸರಿಯಾಗಿ ನೋಡು.”

“ಸರಿನೇ ಐತಿ. ಐದು ಜೋಡಿ...”

ಮತ್ತೆ ತಪ್ಪು. ಏಳು, ಮೂರು, ಎಂಟು, ಎರಡನ್ನು ಒಂದೊಂದಾಗಿ ಕೇಳಿ ಖಾತ್ರಿ ಮಾಡಿಕೊಂಡಳು. ಜೋಡಿಯ ಬಗ್ಗೆ ಅನುಮಾನವೇ ಬರಲಿಲ್ಲ. ಮೂರನೇ ಸಲ ಒತ್ತಿದಳು.

ಪರದೆ ಕೆಂಪಾಯಿತು. ಮೂರು ತಪ್ಪು ಪ್ರಯತ್ನ. ಇಪ್ಪತ್ನಾಲ್ಕು ಗಂಟೆಗಳ ನಂತರ ಬನ್ನಿ.

“ಅಪ್ಪಾ,” ಅಂದಳು ಚಂದನಾ, “ಐದು ಜೋಡಿ ಅಂದ್ರ ಹತ್ತಲ್ಲೇನು?”

“ಹತ್ತು ಯಾಕಾಗ್ತೈತಿ ಹುಚ್ಚಿ? ಎರಡು ಐದು ಬಾಜೂಬಾಜೂ ನಿಂತಾವ. ಜೋಡಿ ಅಲ್ಲೇನದು?”

ಅರುಣಕುಮಾರ್ ನಗಲು ಬಾಯಿ ತೆರೆದವನು ಅವಳ ಮುಖ ನೋಡಿ, ಒಡೆದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ.

“ತಡಿ ತಡಿ, ಮತ್ತೊಂದು ಬಂತು!” ಅಪ್ಪನ ದನಿಯಲ್ಲಿ ಹುರುಪು. “ಭಾಳ ಬರದಾರ, ಅಂಕಿ ಮಾತ್ರ ಎರಡೇ ಅದಾವ. ಈ ಸಲ ಜೋಡಿ ಅನ್ನಂಗಿಲ್ಲ, ಬಿಡಿಬಿಡಿಯಾಗಿ ಹೇಳ್ತೀನಿ. ಎರಡು. ನಾಕು. ಲಗೂನ ಹಾಕವ್ವಾ, ಹೊತ್ತಾಗ್ತೈತಿ.”

ಪರದೆಯ ಮೇಲೆ ಅಂಕಿ ಹಾಕುವ ಜಾಗವೇ ಉಳಿದಿರಲಿಲ್ಲ.

“ಹಾಕಿದೇನವ್ವಾ?”