ಹೊಸಾ ಜೋಡಿ ಒಂದ ಕಡಿ

ಟೈರು ಮೂಸಿ ನೋಡಿ ಅದು ಯಾವ ಊರಿನ ಕೆಸರು ತುಳಿದಿದೆ ಎಂದು ಹೇಳುವ ಮೂಗು ಇಡೀ ಹೈದರಾಬಾದ್ ಸಂಸ್ಥಾನದಲ್ಲಿ ಒಂದೇ ಇತ್ತು. ಅದು ಭಾಲ್ಕಿಯ ಹಾವಗೆಪ್ಪನ ಮುಖದ ಮೇಲಿತ್ತು. ಅವನು ತೇಪೆ ಹಾಕಿದ ಟ್ಯೂಬು ಮತ್ತೆ ಒಡೆದದ್ದನ್ನು ಕಂಡವರು ಯಾರೂ ಹುಟ್ಟಿರಲಿಲ್ಲ. ಹುಟ್ಟಿದ್ದರೂ ಬಾಯಿ ಬಿಟ್ಟಿರಲಿಲ್ಲ. ಬಂಡಿಯ ಗಾಲಿ ಮಾಡುತ್ತಿದ್ದವನು, ಯುದ್ಧ ಮುಗಿದ ಮೇಲೆ ಹರಾಜಿನ ಟೈರು ತಂದು ಎತ್ತಿನ ಗಾಡಿಗೂ ರಬ್ಬರು ತೊಡಿಸಿದ ಭೂಪ.

ನಿಜಾಮರು ಶರಣಾದ ಸುದ್ದಿ ರೇಡಿಯೊದಲ್ಲಿ ಬಂದ ಮರುದಿನ ಬೆಳಿಗ್ಗೆ, ಜಾಗೀರದಾರರ ವಾಡೆಯ ಡ್ರೈವರ್ ಮಕ್ಬೂಲ ನಾಲ್ಕು ಗಾಲಿಗಳನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಅವನ ಅಂಗಡಿಗೆ ಬಂದ. ವಾಡೆಯ ಮಗಳು ಆಬೇದಾಗೆ ಎರಡು ದಿನದಿಂದ ಹೆರಿಗೆ ನೋವು. ಮಗು ಅಡ್ಡ ಬಂದಿದೆ, ಸಂಜೆಯೊಳಗೆ ಬೀದರಿನ ದವಾಖಾನೆ ಮುಟ್ಟದಿದ್ದರೆ ಇಬ್ಬರೂ ಉಳಿಯುವುದಿಲ್ಲ ಎಂದು ಸೂಲಗಿತ್ತಿ ಕೈಚೆಲ್ಲಿದ್ದಳು. ರೈಲಿಲ್ಲ, ಬಸ್ಸಿಲ್ಲ. ಇದ್ದದ್ದು ಆಬೇದಾಳ ಗಂಡ ಬಿಟ್ಟುಹೋಗಿದ್ದ ಕೆಂಪು ರೇಸಿನ ಕಾರು: ಮುಂದೆ ಎರಡು ಸೀಟು, ಹಿಂದೆ ಮುಚ್ಚಳ ಎತ್ತಿದರೆ ಇನ್ನೊಂದು. ಅದರ ಎರಡು ಟೈರು ಸೀಳಿದ್ದವು. ಉಳಿದೆರಡು ಹಳ್ಳದ ಗುಂಡುಕಲ್ಲಿನಷ್ಟು ನುಣುಪು.

ಹಾವಗೆಪ್ಪ ಟೈರಿನ ರಾಶಿಯೊಳಗೆ ಮುಳುಗಿದ. ಲಾರಿಯ ಟೈರು ದೊಡ್ಡದಾಯಿತು, ಟಾಂಗಾದ್ದು ಸಣ್ಣದಾಯಿತು. ಅಳತೆಗೆ ಕೂತ ಒಂದರ ಪಕ್ಕೆ ಒಣಗಿದ ರೊಟ್ಟಿಯಂತೆ ಬಿರಿದಿತ್ತು. ಕೊನೆಗೆ, ತನ್ನ ಮಗಳ ಮದುವೆಯ ಗಾಡಿಗೆಂದು ಗೋಣಿಚೀಲದಡಿ ಬಚ್ಚಿಟ್ಟಿದ್ದ ಜೋಡಿಯನ್ನು ಎಳೆದು ತಂದ. ಅವುಗಳ ಗೀರಿನೊಳಗೆ ಜೋಳ ಬಿತ್ತಿ ಬೆಳೆ ತೆಗೆಯಬಹುದಿತ್ತು. ತೊಡಿಸಿ, ಗಾಳಿ ತುಂಬಿ, ಗಾಲಿಗಳನ್ನು ಕೈಗಾಡಿಗೆ ಹೇರುವಾಗ ಒಂದೇ ಮಾತು ಹೇಳಿದ.

"ಹೊಸಾ ಜೋಡಿ ಒಂದ ಕಡಿ, ಹಳೀ ಜೋಡಿ ಒಂದ ಕಡಿ ಇರ್ಲಿ, ಮಕ್ಬೂಲಭಾಯಿ. ಒಂದ ನೊಗಕ್ಕ ಎತ್ತು-ಕ್ವಾಣಾ ಹೂಡಬ್ಯಾಡ್ರಿ."

ಮಕ್ಬೂಲ ತಲೆಯಾಡಿಸಿ ಓಡಿದ.

ಅರ್ಧ ತಾಸಿನಲ್ಲಿ ಕಾರು ಅಂಗಡಿಯ ಮುಂದೆ ನಿಂತಿತು. ಆಬೇದಾಳನ್ನು ಮಡಿಲಿಗೆ ಒರಗಿಸಿಕೊಂಡಿದ್ದ ತಾಯಿ ಶಾಕಿರಾ ಬೇಗಂ ಬುರಖಾ ಸರಿಸಿ ಅವನನ್ನೇ ಕರೆದಳು.

"ನೀನೂ ಹತ್ತು ಹಾವಗೆಪ್ಪಾ. ಟೈರ್ ಕೈಕೊಟ್ರ ನಿನ್ನ ಕೈ ಬೇಕು. ದಾರ್ಯಾಗ ಯಾರಾರ ತಡದ್ರ ನಿನ್ನ ಹಣಿಮ್ಯಾಗಿನ ಇಬತ್ತಿ ಬೇಕು."

ಹಾವಗೆಪ್ಪ ಸುತ್ತಿಗೆ ಹಿಡಿದು ಹಿಂದಿನ ಮುಚ್ಚಳ ಎತ್ತಿ ಕೂತ. ಜಿಟಿಜಿಟಿ ಮಳೆ. ಹಲಬರ್ಗಾದ ಹತ್ತಿರ ಎಮ್ಮೆಯೊಂದು ಅಡ್ಡ ಬಂತು. ಮಕ್ಬೂಲ ಬ್ರೇಕ್ ಒತ್ತಿದ್ದೇ ತಡ, ಕಾರು ಬೆದರಿದ ಹೋರಿಯಂತೆ ಬಲಕ್ಕೆ ನುಗ್ಗಿ, ಜಾಲಿಮರಕ್ಕೆ ಬೆರಳಂತರ ಬಿಟ್ಟು ನಿಂತಿತು. ಆಬೇದಾ ಚೀರಿದಳು. ಅಷ್ಟರಲ್ಲಿ ಎದುರಿನಿಂದ ಬಂದ ಗಾಡಿಯವನು, ಮುಂದಿನ ಇಳಿಜಾರಿನ ಕೆಳಗೆ ಸೇತುವೆಯ ಮೇಲೆ ಮಿಲಿಟರಿ ಲಾರಿ ನಿಂತಿವೆ, ನಿಲ್ಲೆಂದ ಕಡೆ ನಿಲ್ಲದ ಮೋಟಾರಿಗೆ ಗುಂಡು ಹಾರಿಸುತ್ತಾರಂತೆ ಎಂದು ಹೇಳಿ ಎತ್ತುಗಳನ್ನು ಹೊಡೆದುಕೊಂಡು ಹೋದ. ಲಾರಿಗಳು ನಿಂತದ್ದು ಬಲಕ್ಕೇ.

ಹಾವಗೆಪ್ಪ ಜಿಗಿದು ಗಾಲಿ ನೋಡಿದ. ಹೊಸವೆರಡೂ ಬಲಗಡೆ, ಒಂದರ ಹಿಂದೊಂದು. ಹಳೆಯವೆರಡೂ ಎಡಗಡೆ.

"ಒಂದ ಕಡಿ ಅಂದೆಲ್ಲಾ ನೀನ?" ಎಂದ ಮಕ್ಬೂಲ.

ತಪ್ಪು ಅವನದಲ್ಲ. ಎತ್ತಿನ ಗಾಡಿಗೆ ಇರುವುದು ಎರಡೇ ಕಡೆ, ಮುಂದೆ ಎತ್ತಿನದೊಂದು, ಹಿಂದೆ ಗಾಲಿಯದೊಂದು. ಹುಟ್ಟಿದಾಗಿನಿಂದ ಗಾಡಿ ಕಂಡವನು ಹಿಂದು-ಮುಂದು ಎಣಿಸಿ ಆಡಿದ ಮಾತನ್ನು, ಮೋಟಾರು ಕಂಡವನು ಎಡ-ಬಲ ಎಂದು ಕೇಳಿಸಿಕೊಂಡಿದ್ದ.

ಎರಡು ಗಾಲಿ ಅದಲುಬದಲಾದರೆ ಸಾಕಿತ್ತು. ಆದರೆ ಯಾವೆರಡು? ಚುಕ್ಕಾಣಿ ಇರುವುದು ಮುಂದೆ, ಹೊಸವು ಮುಂದೆಯೇ ಬೇಕು ಎಂದು ಮಕ್ಬೂಲ ಪಟ್ಟು ಹಿಡಿದ. ಒಳಗಿನಿಂದ ಆಬೇದಾಳ ನರಳಿಕೆ ಸಣ್ಣದಾಗುತ್ತಿತ್ತು. ಹಾವಗೆಪ್ಪ ಕಣ್ಣು ಮುಚ್ಚಿ, ತಾನು ಕಂಡ ಇಳಿಜಾರುಗಳನ್ನೆಲ್ಲ ನೆನೆದ.

"ಇಳಿಜಾರಿನಾಗ ಗಾಡಿ ಮಗುಚಿದ್ದು ನೋಡೀರೇನು? ಹಿಂದಿನ ಗಾಲಿ ಜಾರಿ ಮುಂದ ಬರ್ಲಾಕ ಹತ್ತತದ, ಅಲ್ಲಿಗಿ ಮುಗೀತು. ಹೊಸಾವು ಹಿಂದ."

ಶಾಕಿರಾ ಬೇಗಂ ಅವನ ಮುಖವನ್ನೊಮ್ಮೆ ನೋಡಿದಳು. "ಅಂವ ಹೇಳ್ದಂಗ ಮಾಡು, ಮಕ್ಬೂಲ."

ಇದ್ದದ್ದು ಒಂದೇ ಜಾಕು. ಮುಂದಿನ ಬಲಮೂಲೆಗೆ ಜಾಕು, ಹಿಂದಿನ ಎಡಮೂಲೆಗೆ ಹಾವಗೆಪ್ಪನ ಬೆನ್ನು. ಆ ಬೆನ್ನು ಔರಾದ ಕಡೆಯ ಠಾಣಾ ಕುಶನೂರಿನಲ್ಲಿ ತೊಗರಿ ತುಂಬಿದ ಗಾಡಿಯನ್ನು ಕೆಸರಿನಿಂದ ಎತ್ತಿತ್ತು. ಎತ್ತುಗಳ ಸಮೇತ ಎಂದು ಅಲ್ಲಿಯವರು ಇಂದಿಗೂ ಹೇಳುತ್ತಾರೆ. ಮಕ್ಬೂಲ ಗಾಲಿಯ ನಡುವಿನ ಒಂಟಿ ನಟ್ಟಿಗೆ ಸುತ್ತಿಗೆ ಬಡಿದು ಎರಡನ್ನೂ ಬಿಚ್ಚಿ ಅದಲುಬದಲು ಹಾಕುವಷ್ಟರಲ್ಲಿ ಹಾವಗೆಪ್ಪನ ಬೆನ್ನು ಒಂದು ಗೇಣು ಕುಗ್ಗಿತ್ತು.

ಇಳಿಜಾರು ಬಂತು. ಕೆಳಗೆ ಲಾರಿಗಳು, ಬಂದೂಕುಗಳು. ಸಿಪಾಯಿಯೊಬ್ಬ ಕೈ ಎತ್ತಿದ. ಮಕ್ಬೂಲ ಬಿಸ್ಮಿಲ್ಲಾ ಎಂದು ಬ್ರೇಕ್ ಒತ್ತಿದ. ಹಿಂದೆ ಹಾವಗೆಪ್ಪ ಕೊರಳ ಕರಡಿಗೆಯ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದ. ಮುಂದಿನ ಹಳೆಯ ಜೋಡಿ ಜಾರಿತು, ಜಾರಿತು. ಹಿಂದಿನ ಜೋಡಿ ಮಣ್ಣು ಕಚ್ಚಿತು. ಕಾರು ಬಲಕ್ಕೂ ಹೊರಳದೆ, ಎಡಕ್ಕೂ ಹೊರಳದೆ, ಸಿಪಾಯಿಯ ಬೂಟಿಗೆ ಮೊಳದಂತರದಲ್ಲಿ ನಿಂತಿತು. ಸಿಪಾಯಿ ಬಗ್ಗಿ ಒಳಗೆ ನೋಡಿದ, ಆಬೇದಾಳ ಬೆವರಿದ ಮುಖ ನೋಡಿದ, ಲಾರಿಯನ್ನು ಹಿಂದಕ್ಕೆ ತೆಗೆಸಿದ.

ಮಧ್ಯಾಹ್ನ ಇಳಿಯುವ ಹೊತ್ತಿಗೆ, ಬೀದರ ದವಾಖಾನೆಯ ಜಗಲಿಯಲ್ಲಿ ಕೂತ ಇಬ್ಬರಿಗೂ ಒಳಗಿನಿಂದ ಕೂಸಿನ ಅಳು ಕೇಳಿಸಿತು. ಕೋಟೆಯ ಗೋಡೆಗೂ ಕೇಳಿಸಿರಬೇಕು, ಅಂಥ ಗಂಟಲು. ಹೆಣ್ಣು ಕೂಸು, ತಾಯಿ ಉಳಿದಿದ್ದಾಳೆ ಎಂದು ಶಾಕಿರಾ ಬೇಗಂ ಬಾಗಿಲಲ್ಲಿ ನಿಂತು ಹೇಳಿದಳು. ಮಕ್ಬೂಲ ಕಣ್ಣೊರೆಸಿಕೊಂಡು ಕಾರಿನ ಕಡೆ ತಿರುಗಿದ.

"ಆದ್ರೂ ಹಾವಗೆಪ್ಪಾ, ಮುಂದ ಹಾಕಿದ್ರ ಇನ್ನಾ ಚಲೋ ನಿಲ್ತಿತ್ತು."

ಹಾವಗೆಪ್ಪನ ಸೊಂಟ ನೆಟ್ಟಗಾಗಲು ಒಲ್ಲೆನ್ನುತ್ತಿತ್ತು. ಬಗ್ಗಿಕೊಂಡೇ ಹೋಗಿ, ಸುಣ್ಣದ ಡಬ್ಬಿ ತೆಗೆದು, ಹಿಂದಿನ ಎರಡೂ ಟೈರಿಗೆ ಬೆರಳಿನಿಂದ 'ಹಿಂದ' ಎಂದು ಬರೆದ.