ಹನ್ನೆರಡನೇ ಜಾಡಿ

ಗುರುವಾರ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ತಪಾಸಣೆಯ ಸಾಹೇಬರು ಎರಡನೇ ತರಗತಿಗೆ ಬಂದರು. ಹತ್ತೂ ಮೂವತ್ತೈದಕ್ಕೆ ಹೊರಟರು. ಈ ಇಪ್ಪತ್ತೈದು ನಿಮಿಷದಲ್ಲಿ ಪಾಠದ ಬಗ್ಗೆ ಅವರು ಮಕ್ಕಳಿಗೆ ಕೇಳಿದ ಪ್ರಶ್ನೆ ಎರಡು. ಮಕ್ಕಳು ಅವರಿಗೆ ಕೇಳಿದ್ದು ನಾಲ್ಕು.

ಅವರು ಬರುವ ವಿಷಯ ಟೀಚರಿಗೆ ಸೋಮವಾರವೇ ತಿಳಿದಿತ್ತು. ದೊಡ್ಡ ಮೇಡಂ, ಅಂದರೆ ಮುಖ್ಯೋಪಾಧ್ಯಾಯಿನಿ, ತಮ್ಮ ಕೋಣೆಗೆ ಕರೆಸಿ ಸುತ್ತುಬಳಸಿಲ್ಲದೆ ಹೇಳಿದ್ದರು: "ನೋಡಮ್ಮ, ಬೇರೆಯವರೆಲ್ಲ ಒಂಬತ್ತನೇ ಪಾಠ ಮುಗಿಸಿದಾರೆ. ನೀನು ಇನ್ನೂ ಆರರಲ್ಲೇ ಇದ್ದೀಯ. ಈ ಸಲ ಷರಾ ಕೆಟ್ಟದಾಗಿ ಬಂದ್ರೆ ಎರಡನೇ ತರಗತಿ ನಿನ್ನ ಕೈಲಿ ಇರಲ್ಲ. ಗ್ರಂಥಾಲಯದಲ್ಲಿ ಧೂಳು ಹೊಡ್ಕೊಂಡು ಕೂತಿರ್ಬೇಕಾಗುತ್ತೆ."

ಆ ತರಗತಿ ಬಿಟ್ಟರೆ ಟೀಚರಿಗೆ ಬೇರೆ ಏನೂ ಬೇಕಿರಲಿಲ್ಲ. ಆದರೂ ಬೀಜ, ಬೇರಿನ ಆ ಆರನೇ ಪಾಠ ಬಿಟ್ಟು ಅವರು ಮುಂದೆ ಹೋಗಲಿಲ್ಲ.

ಕಿಟಕಿಯ ಕಟ್ಟೆಯ ಮೇಲೆ ಹನ್ನೆರಡು ಗಾಜಿನ ಜಾಡಿಗಳಿದ್ದವು. ಒಳಗೋಡೆಗೆ ಒದ್ದೆ ಮಾಡಿದ ಹಳೆಯ ಪತ್ರಿಕೆ, ಅದಕ್ಕೂ ಗಾಜಿಗೂ ನಡುವೆ ಒಂದೊಂದು ಹುರುಳಿಕಾಯಿ ಬೀಜ. ಮೂರರಲ್ಲಿ ಬೀಜದ ಕಣ್ಣು ಮೇಲಕ್ಕೆ, ಮೂರರಲ್ಲಿ ಕೆಳಕ್ಕೆ, ಮೂರರಲ್ಲಿ ಎಡಕ್ಕೆ, ಮೂರರಲ್ಲಿ ಬಲಕ್ಕೆ. ಮಕ್ಕಳು ಮೂವತ್ತಾರು, ಜಾಡಿಗೆ ಮೂವರು ಕಾವಲು. "ಬೀಜ ತಲೆಕೆಳಗಾಗಿ ಬಿದ್ರೆ ಬೇರು ಆಕಾಶಕ್ಕೆ ಹೋಗುತ್ತಾ?" ಎಂದು ಕೇಳಿ ಇದನ್ನೆಲ್ಲ ಶುರುಮಾಡಿಸಿದವಳು ಮುಂದಿನ ಎರಡು ಹಲ್ಲು ಬಿದ್ದ ಹುಡುಗಿ. ತರಗತಿಯಲ್ಲಿ ಅವಳ ಹೆಸರೇ ಬೊಚ್ಚಿ. ಗುರುವಾರ ಒಂಬತ್ತನೇ ದಿನ. ಹನ್ನೊಂದು ಜಾಡಿಗಳಲ್ಲಿ ಬೇರು ಬಂದಿತ್ತು. ಹನ್ನೆರಡನೆಯದು ಕಮಕ್ ಕಿಮಕ್ ಎಂದಿರಲಿಲ್ಲ.

ಕರಿಹಲಗೆಯ ನಟ್ಟನಡುವೆ ಮೇಲಿಂದ ಕೆಳಗೆ ಒಂದು ಗೆರೆ. ಎಡಕ್ಕೆ 'ಕಂಡದ್ದು', ಬಲಕ್ಕೆ 'ಕೇಳಿದ್ದು'. ಈ ಗೆರೆ ಹುಟ್ಟಿದ್ದು ಟೀಚರ್ ಮಾಡಿದ ತಪ್ಪಿನಿಂದ. ಹಿಂದಿನ ವರ್ಷ ಅವರು ಜೇಡಕ್ಕೆ ಆರು ಕಾಲು ಎಂದು ಎದೆ ತಟ್ಟಿ ಹೇಳಿದ್ದರು. ಮರುದಿನ ಒಂದು ಮಗು ಬೆಂಕಿಪೊಟ್ಟಣದಲ್ಲಿ ಜೇಡ ತಂದು ಮೇಜಿನ ಮೇಲಿಟ್ಟಿತು. ಎಂಟು. ಟೀಚರ್ ಮೂರು ಸಲ ಎಣಿಸಿದರು. ಎಂಟೇ. ಅಂದಿನಿಂದ ಕಣ್ಣಾರೆ ನೋಡುವವರೆಗೆ ಯಾರು ಏನೇ ಹೇಳಿದರೂ, ಟೀಚರೇ ಹೇಳಿದರೂ, ಅದು ಬಲಗಡೆಗೆ.

ಸಾಹೇಬರು ಕುರ್ಚಿಯಲ್ಲಿ ಕುಳಿತು ನಮೂನೆ ಬಿಡಿಸಿದರು. ಪಕ್ಕದಲ್ಲಿ ದೊಡ್ಡ ಮೇಡಂ ನಿಂತಿದ್ದರು.

"ಬೇರು ಯಾವ ಕಡೆ ಬೆಳೆಯುತ್ತೆ? ಯಾರು ಹೇಳ್ತೀರಿ?"

ಮೂವತ್ತಾರು ತಲೆಗಳು ಕಿಟಕಿಯ ಕಡೆ ತಿರುಗಿದವು. ಬೊಚ್ಚಿ ಎದ್ದು ನಿಂತಳು. "ಹನ್ನೊಂದು ಕೆಳಗೆ ಹೋಗಿದೆ ಸರ್. ಒಂದು ಇನ್ನೂ ಹೊರಗೇ ಬಂದಿಲ್ಲ."

"ಲೆಕ್ಕ ಕೇಳಿಲ್ಲ ಮಗು. ಯಾವ ಕಡೆ ಬೆಳೆಯುತ್ತೆ ಅಂತ ಕೇಳಿದ್ದು."

"ಅದನ್ನೇ ಹೇಳ್ದೆ ಸರ್. ಹನ್ನೊಂದು ಕೆಳಗೆ."

"ಪುಸ್ತಕದಲ್ಲಿ ಏನು ಬರೆದಿದೆ?"

"ಕೆಳಗೆ ಅಂತ ಬರೆದಿದೆ."

"ಮತ್ತೆ ಹಾಗೇ ಹೇಳೋದಕ್ಕೇನು?"

"ಪುಸ್ತಕ ಬರೆದೋರು ನಮ್ಮ ಹನ್ನೆರಡನೇ ಜಾಡಿ ನೋಡಿಲ್ಲ ಸರ್."

ಹಿಂದಿನ ಬೆಂಚಿನಿಂದ ಇನ್ನೊಬ್ಬ ಎದ್ದ. ಮಾತಿಗೆ ಮಾತು ಜೋಡಿಸುತ್ತಾನೆಂದು ಅವನಿಗೆ ವಕೀಲ ಎಂದೇ ಹೆಸರು. "ನೀವು ನೋಡಿದೀರಾ ಸರ್?"

"ಏನನ್ನ?"

"ಬೇರು ಕೆಳಗೆ ಹೋಗೋದನ್ನ."

"ಅದನ್ನೇನು ನೋಡೋದು? ಓದಿದೀನಿ."

"ಎಷ್ಟು ಬೀಜದ್ದು ಓದಿದೀರಾ?"

"ತಲೆಕೆಳಗೆ ಇಟ್ಟಿದ್ರಾ?" ಬೊಚ್ಚಿ ನಡುವೆ ಬಾಯಿ ಹಾಕಿದಳು.

ಸಾಹೇಬರು ಟೀಚರನ್ನು ನೋಡಿದರು. ಅಷ್ಟರಲ್ಲಿ ವಕೀಲ ಸೀಮೆಸುಣ್ಣ ಹಿಡಿದು ಕರಿಹಲಗೆ ಮುಟ್ಟಿದ್ದ. "ಸರ್, ನೀವು ಹೇಳಿದ್ದನ್ನ ಕೇಳಿದ್ದರ ಕಡೆ ಬರೀಲಾ?"

ದೊಡ್ಡ ಮೇಡಂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಕ್ಕರೋ ನಡುಗಿದರೋ ಟೀಚರಿಗೆ ತಿಳಿಯಲಿಲ್ಲ.

ನಮೂನೆಯಲ್ಲಿ ಮಕ್ಕಳ ಉತ್ತರಕ್ಕೆ ಮೂರು ಮನೆಗಳಿದ್ದವು: ಸರಿ, ತಪ್ಪು, ಗೊತ್ತಿಲ್ಲ. ಸಾಹೇಬರು ಮೂರನೆಯದಕ್ಕೆ ಗುರುತು ಹಾಕಿ, ಟೀಚರ ಸಹಿಗೆಂದು ಹಾಳೆಯನ್ನು ಮುಂದೆ ತಳ್ಳಿದರು.

"ಸರ್, ಆ ಮಗು ಗೊತ್ತಿಲ್ಲ ಅಂತ ಹೇಳಲಿಲ್ಲ," ಎಂದರು ಟೀಚರ್. "ಹನ್ನೆರಡರಲ್ಲಿ ಹನ್ನೊಂದು ಅಂತ ಹೇಳಿತು. ಹಾಗೇ ಬರೀರಿ, ಸಹಿ ಹಾಕ್ತೀನಿ."

"ಅದಕ್ಕೆ ಇಲ್ಲಿ ಮನೆ ಇಲ್ಲಮ್ಮ."

"ಹಾಗಾದ್ರೆ ನನ್ನ ಸಹಿಯೂ ಇಲ್ಲ."

"ಹಟ ಮಾಡಬೇಡಿ. ಒಂದು ಗೀಟು ಎಳೆದ್ರೆ ಮುಗೀತು."

"ಗೀಟು ಎಳೆಯೋದು ಸುಲಭ ಸರ್. ನಾಳೆ ಈ ಮಕ್ಕಳ ಮುಂದೆ ಹಲಗೆ ಮೇಲೆ ಆ ಗೆರೆ ಎಳೆಯೋಕೆ ನನಗೆ ಕೈ ಬರಲ್ಲ."

ದೊಡ್ಡ ಮೇಡಂ ಕಣ್ಣಲ್ಲೇ ಬೇಡಿಕೊಂಡರು. ಟೀಚರ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತರು. ಸಾಹೇಬರು ಸಹಿಯಿಲ್ಲದ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು.

ಸಂಜೆ ಮನೆಯಲ್ಲಿ ಟೀಚರ್ ನಡೆದದ್ದನ್ನೆಲ್ಲ ಅತ್ತೆಗೆ ಹೇಳಿದರು. ಅತ್ತೆ ನಲವತ್ತು ವರ್ಷ ಬಟ್ಟೆ ಹೊಲಿದವರು. ಕಣ್ಣು ಮಂಜಾದರೂ ಅಳತೆಯ ಟೇಪು ಕುತ್ತಿಗೆಯಿಂದ ಇಳಿದಿರಲಿಲ್ಲ.

"ನನ್ನ ಹತ್ರ ಬರೋರೆಲ್ಲ 'ಸೊಂಟ ಮೊದಲಿನಷ್ಟೇ ಇದೆ, ಹಳೇ ಅಳತೆಗೇ ಹೊಲಿ' ಅನ್ನೋರು," ಎಂದರು ಅತ್ತೆ. "ಟೇಪು ಬೇರೆ ಹೇಳೋದು. ಬಾಯಿಮಾತು ನಂಬಿ ಕತ್ತರಿ ಹಾಕಿದ್ರೆ ನಾನು ಉಪವಾಸ ಬೀಳಬೇಕಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ದೊಡ್ಡೋರು ಸುಮ್ಮನೆ ಹೇಳಿದಾರಾ?"

"ತರಗತಿ ಕೈಬಿಟ್ಟು ಹೋಗುತ್ತೆ ಅತ್ತೆ."

"ಹೋಗುತ್ತೆ," ಎಂದು ಅತ್ತೆ ಒಪ್ಪಿದರು. ಅವರಿಗೆ ಸಮಾಧಾನ ಹೇಳಿ ಅಭ್ಯಾಸವಿಲ್ಲ. "ಸಹಿ ಹಾಕಿದ್ರೂ ಹೋದಂಗೇ ಅಲ್ವೇನೇ? ನೀನು ಅಲ್ಲೇ ನಿಂತಿರ್ತೀಯ, ಅಷ್ಟೇ."

ಆ ರಾತ್ರಿ ಟೀಚರಿಗೆ ಚೆನ್ನಾಗಿ ನಿದ್ದೆ ಬಂತು.

ಶುಕ್ರವಾರ ಮಧ್ಯಾಹ್ನ ಆದೇಶ ಬಂತು. ಶನಿವಾರ ಕೊನೆಯ ತರಗತಿ. ಹನ್ನೆರಡನೇ ಜಾಡಿಯ ಬೀಜವನ್ನು ಬೊಚ್ಚಿ ಚಮಚದಿಂದ ಹೊರತೆಗೆದಳು. ಮೆತ್ತಗಾಗಿತ್ತು, ಕಂದು ಬಣ್ಣ, ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಎಲ್ಲರೂ ಸರತಿಯಲ್ಲಿ ಬಂದು ಮೂಸಿ ನೋಡಿದರು. ಒಬ್ಬಳು ಎರಡು ಸಲ ಬಂದಳು. ವಕೀಲ ಎಡಗಡೆ ಬರೆದ: 'ಹನ್ನೊಂದು ಕೆಳಗೆ ಹೋಯಿತು. ಒಂದು ಕೊಳೆಯಿತು.'

ಆಮೇಲೆ ಟೀಚರ್ ಹೇಳಿದರು: "ಸೋಮವಾರದಿಂದ ನಿಮಗೆ ಹೊಸ ಟೀಚರ್. ನಾನು ಗ್ರಂಥಾಲಯದಲ್ಲಿರ್ತೀನಿ."

ವಕೀಲ ಸೀಮೆಸುಣ್ಣ ಹಿಡಿದೇ ಕೇಳಿದ: "ಇದು ಕಂಡದ್ದಾ, ಕೇಳಿದ್ದಾ ಟೀಚರ್?"

"ಸದ್ಯಕ್ಕೆ ಕೇಳಿದ್ದು," ಎಂದರು ಟೀಚರ್. "ಸೋಮವಾರ ಕಾಣುತ್ತೆ."

ಸೋಮವಾರ ಒಂಬತ್ತೂವರೆಗೆ ಹೊಸ ಟೀಚರ್ ಬಂದರು. ಕೆಲಸಕ್ಕೆ ಸೇರಿ ಎರಡು ವರ್ಷವಾಗಿದ್ದ ಚಿಕ್ಕ ವಯಸ್ಸಿನವರು, ಒಳ್ಳೆಯವರು, ಅಂಜುಬುರುಕಿ. ಮೊದಲು ಕರಿಹಲಗೆ ಒರೆಸಿದರು. ಗೆರೆಯೂ ಹೋಯಿತು. ಆರನೇ ಪಾಠವನ್ನು ಒಂದೇ ದಿನದಲ್ಲಿ ಮುಗಿಸಬೇಕೆಂದು ಅವರಿಗೆ ಅಪ್ಪಣೆಯಾಗಿತ್ತು.

"ಬೇರು ಕೆಳಗೆ ಬೆಳೆಯುತ್ತದೆ. ಎಲ್ಲರೂ ಒಟ್ಟಿಗೆ ಹೇಳಿ."

ಬೊಚ್ಚಿ ಎದ್ದಳು. "ಹನ್ನೊಂದು ಹೋಯ್ತು ಟೀಚರ್. ಒಂದು ಕೊಳೀತು. ಅದು ಯಾಕೆ ಕೊಳೀತು?"

"ನೀರು ಜಾಸ್ತಿ ಆಗಿರುತ್ತೆ."

"ನೋಡಿದೀರಾ?" ಎಂದರು ಏಳೆಂಟು ಮಕ್ಕಳು ಒಟ್ಟಿಗೆ.

ಹತ್ತೂ ಇಪ್ಪತ್ತಕ್ಕೆ ಗ್ರಂಥಾಲಯದ ಬಾಗಿಲಲ್ಲಿ ಹೊಸ ಟೀಚರ್ ನಿಂತಿದ್ದರು. ಕೈಯೆಲ್ಲ ಸೀಮೆಸುಣ್ಣ.

"ಅಕ್ಕ, ಖಾಲಿ ಜಾಡಿ ಎಲ್ಲಿಟ್ಟಿದೀರಾ?"

"ಎಷ್ಟು ಬೇಕು?"

"ಆರು. ಮೂರಕ್ಕೆ ನೀರು ಜಾಸ್ತಿ ಹಾಕ್ಬೇಕಂತೆ, ಮೂರಕ್ಕೆ ಕಮ್ಮಿ. ನನ್ನನ್ನ ಬಿಡ್ತಾನೇ ಇಲ್ಲ." ಅವರು ಹಿಂದೆ ತಿರುಗಿ ನೋಡಿ ದನಿ ತಗ್ಗಿಸಿದರು. "ಒರೆಸಿದ ಗೆರೆನ ಅವರೇ ಮತ್ತೆ ಎಳೆದುಬಿಟ್ರು ಅಕ್ಕ. ಸ್ವಲ್ಪ ಸೊಟ್ಟಗಿದೆ."

ಗ್ರಂಥಾಲಯದ ಕಪಾಟಿನಲ್ಲಿ ಐದು ಜಾಡಿಗಳಿದ್ದವು. ಆರನೆಯದಕ್ಕೆ ಹನ್ನೆರಡನೇ ಜಾಡಿಯನ್ನೇ ತೊಳೆದು ಬಳಸಿದರು.